ಮೂವರ ಆಟ

ಫೆಬ್ರವರಿ 3, ಸೋಮವಾರ

ಮತ್ತೆ ಮಾಸ್ಕ್ ತೊಳೆದೆ. ಪೇಂಟ್ ಹೋಗುತ್ತದೆ, ವಾಸನೆ ಹೋಗುವುದಿಲ್ಲ. ಬರುವ ಭಾನುವಾರ ಅಟ್ಟೂರಿನ ಗ್ರೌಂಡಿನಲ್ಲಿ ಪೇಂಟ್‌ಬಾಲ್ ಲೀಗಿನ ಕ್ವಾರ್ಟರ್ ಫೈನಲ್, ಗನ್ನಿನಿಂದ ಬಣ್ಣದ ಗುಂಡು ಹೊಡೆಯುವ ಆಟ. ಹೋಮ್ ಟೀಮ್ ನಾವು, ಹಾಗಾಗಿ ಫಾರ್ಮ್ಯಾಟ್ ಆರಿಸುವ ಹಕ್ಕು ನಮ್ಮದು. ಕ್ಯಾಪ್ಟನ್ ಆದ್ದರಿಂದ ತಲೆನೋವು ನನ್ನದು. ಐವರ ಎಲಿಮಿನೇಷನ್ — ಪೇಂಟ್ ಬಿದ್ದವರು ಹೊರಗೆ, ಕೊನೆಗೆ ಉಳಿದವರ ಟೀಮ್ ಗೆದ್ದಂತೆ. ಬಾವುಟದ ಆಟ — ಪೇಂಟ್ ಬಿದ್ದರೂ ಬೇಸ್‌ಗೆ ಓಡಿ ಮುಟ್ಟಿ ಮತ್ತೆ ಬರಬಹುದು, ಬರೀ ಓಟ. ಇಲ್ಲವೇ ಮೂವರ ಎಲಿಮಿನೇಷನ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ನಾವು ಐವರು. ಅದರಲ್ಲಿ ಫೈಜಾನ್‌ನದು ಆಪರೇಷನ್ ಆದ ಮಂಡಿ.

ಫೆಬ್ರವರಿ 4, ಮಂಗಳವಾರ

ಮೋನಿಕಾ ಫೋನ್. ನಮ್ಮಲ್ಲಿ ಎಲ್ಲರಿಗಿಂತ ಚುರುಕು. ನಾಲಿಗೆಯೂ ಅಷ್ಟೇ.

"ತ್ರೀ ಮ್ಯಾನ್ ಹಾಕು ಶರತ್. ನೀನು, ನಾನು, ಆಕರ್ಷ್. ವಂದನಾ ಆಚೆ ಕೂತ್ಕೋತೀನಿ ಅಂದಿದಾಳೆ."

"ಫೈಜಾನ್?"

"ಬಂಕರ್ ಹಿಂದೆ ಬಗ್ಗಕ್ಕೇ ಆಗಲ್ಲ ಕಣೋ ಅವನಿಗೆ. ಹೋದ ಮ್ಯಾಚಲ್ಲಿ ನಿಂತಲ್ಲೇ ಏಟು ತಿಂದ. ಸೆಂಟಿಮೆಂಟ್ ಇಟ್ಕೊಂಡು ಸೋಲ್ಬೇಕಾ?"

ಈ ಟೀಮ್ ಕಟ್ಟಿದವನೇ ಅವನು. ಗಂಗಾನಗರದ ಟೀ ಅಂಗಡಿ ಮುಂದೆ ನಿಲ್ಲಿಸಿಕೊಂಡು ಒಬ್ಬೊಬ್ಬರನ್ನೂ ಒಪ್ಪಿಸಿದ್ದ. ಐವರ ಆಟವಾದರೆ ಹಿಂದಿನ ಬಂಕರ್‌ನ ಮರೆಯಲ್ಲಿ ನಿಂತು ಕೂಗಿ ಕೂಗಿ ನಮ್ಮನ್ನು ನಡೆಸಬಲ್ಲ... ಆದರೆ ಗೆಲ್ಲುತ್ತೇವೆಯೇ?

ಸಂಜೆಯೊಳಗೆ ಮೋನಿಕಾ ಹೊಸ ವಾಟ್ಸಾಪ್ ಗ್ರೂಪ್ ಮಾಡಿದಳು. ಫೈಜಾನ್ ಒಬ್ಬನನ್ನು ಬಿಟ್ಟು ಎಲ್ಲರೂ ಇದ್ದಾರೆ.

ಫೆಬ್ರವರಿ 5, ಬುಧವಾರ

ತ್ರೀ ಮ್ಯಾನ್ ಎಂದು ಲೀಗ್‌ನವರಿಗೆ ತಿಳಿಸಿದೆ. ಹೊಸ ಗ್ರೂಪಿನಲ್ಲೂ ಹಾಕಿದೆ. ಎಲ್ಲರದೂ ಥಂಬ್ಸ್ ಅಪ್. ಫೈಜಾನ್‌ಗೆ ಮೆಸೇಜ್ ಸರಿಯಲ್ಲ, ಮನೆಗೇ ಹೋಗಿ ಹೇಳಬೇಕು. ನಾಳೆ.

ಫೆಬ್ರವರಿ 8, ಶನಿವಾರ

ಹೇಳಲಿಲ್ಲ. ಏರ್ ಶೋ ತಾಲೀಮು, ರೋಡೆಲ್ಲ ಜಾಮ್... ನೆಪಕ್ಕೇನು ಬರ. ವಂದನಾ ಹೇಳಿರುತ್ತಾಳೆ. ನಾನು ಹೇಳಿರುತ್ತೇನೆ ಎಂದು ಅವಳೂ ಸುಮ್ಮನಿರಬಹುದು. ಹಾಳು ಪುಕ್ಕಲುತನ.

ಫೆಬ್ರವರಿ 9, ಭಾನುವಾರ

ಗೆದ್ದೆವು.

ಬರೆಯಲು ಮನಸ್ಸಿಲ್ಲ. ಫೈಜಾನ್ ನಮಗಿಂತ ಮೊದಲೇ ಬಂದಿದ್ದ. ಟೀಮ್ ಜೆರ್ಸಿ, ಮಂಡಿಗೆ ಹೊಸ ಬ್ರೇಸ್.

"ಮಗಾ, ಹಿಂದ್ಗಡೆ ಬಂಕರ್ ನಂದು. ನಿಂತ್ಕೊಂಡೇ ಹೊಡೆಯೋದು ಪ್ರಾಕ್ಟೀಸ್ ಮಾಡಿದೀನಿ, ನೋಡ್ತಾ ಇರು" ಎಂದ.

ಅಷ್ಟರಲ್ಲಿ ರೆಫರಿ ಮೂರು ಹೆಸರು ಕೂಗಿದರು. ಅವನದಿರಲಿಲ್ಲ. ನನ್ನ ಮುಖ ನೋಡಿದ. ನಾನು ಬಗ್ಗಿ ಶೂ ಲೇಸ್ ಕಟ್ಟತೊಡಗಿದೆ, ಕಟ್ಟಿದ್ದ ಲೇಸನ್ನೇ.

ಏಟು ಬಿದ್ದವರು ಗನ್ ತಲೆಯ ಮೇಲೆತ್ತಿ ಹೊರನಡೆಯುವುದು ಆಟದ ನಿಯಮ. ಫೈಜಾನ್ ಗನ್ ಎತ್ತಿ ಹಿಡಿದ. ಗೇಟಿನವರೆಗೂ ಹಾಗೇ ಕುಂಟುತ್ತಾ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ

ವಾರವಿಡೀ ಫೋನ್ ಎತ್ತಲಿಲ್ಲ ಅವನು. ಇವತ್ತು ಆರ್.ಟಿ. ನಗರದ ಮನೆಗೇ ಹೋದೆ. ಬಾಗಿಲು ತೆಗೆದವರು ಅವನ ತಂದೆ ಖಾದರ್ ಬಾಷಾ.

"ಏನ್ ಶರತ್, ನೀನಿಲ್ಲಿ? ಫೈಜಾನ್ ಬೆಳಗ್ಗೆನೇ ಕಿಟ್ ತಗೊಂಡು ಹೋದ್ನಲ್ಲಪ್ಪಾ, ಸೆಮಿಫೈನಲ್ ಪ್ರಾಕ್ಟೀಸ್ ಅಂತ."

ನಮಗೆ ಇವತ್ತು ಪ್ರಾಕ್ಟೀಸೇ ಇಲ್ಲ.

"ಹೌದು ಅಂಕಲ್, ನಾನೂ ಅಲ್ಲಿಗೇ ಹೊರಟಿದ್ದೆ" ಎಂದೆ.

"ಈ ಸಲ ಮ್ಯಾಚಿಗೆ ನಾನೂ ಬರ್ತೀನಿ. ಆಪರೇಷನ್ ಆದ್ಮೇಲೆ ಅವನು ಆಡೋದು ನೋಡೇ ಇಲ್ಲ. ಯಾವ ಕಡೆ ನಿಂತು ಆಡ್ತಾನೆ ಹೇಳು, ಆ ಕಡೆನೇ ಕೂತ್ಕೋತೀನಿ."

"ಹಿಂದ್ಗಡೆ ಬಂಕರ್, ಅಂಕಲ್" ಎಂದೆ.