ದಮಿಯಾನಾ ಬದುಕಿದ್ದಾಳೆಯೇ?

ಗುವಾಮ್ ದ್ವೀಪವನ್ನಾಳುವ ಅಮೆರಿಕದ ನೌಕಾಪಡೆಯ ಗವರ್ನರರೇ,

ಕುಷ್ಠರೋಗಿಯೆಂದು ನನ್ನ ತಂಗಿ ದಮಿಯಾನಾಳನ್ನು ನಿಮ್ಮ ಹಡಗು ಫಿಲಿಪೈನ್ಸಿನ ಯಾವುದೋ ದ್ವೀಪಕ್ಕೆ ಒಯ್ದಿತು. ಅವಳು ಬದುಕಿದ್ದಾಳೋ ಇಲ್ಲವೋ ಇಂದಿಗೂ ತಿಳಿಸಿದವರಿಲ್ಲ. ಇಲ್ಲಿ ಪತ್ರಿಕೆಯೂ ನಿಮ್ಮದೇ ಆದ್ದರಿಂದ ಇದನ್ನು ಇಗರ್ಜಿಯ ಬಾಗಿಲಿಗೆ ಅಂಟಿಸಿದ್ದೇನೆ.

ಸ್ಪೇನಿನವರಿಂದ ನಮ್ಮನ್ನು ಬಿಡಿಸಿದೆವು ಎನ್ನುತ್ತೀರಿ. ಬಿಡಿಸಿದವರು ಬಿಟ್ಟೂ ಹೋಗಬೇಕಲ್ಲವೇ? ನಮ್ಮ ಆರೋಗ್ಯದ ಕಾಳಜಿಯಿಂದ ಉಳಿದಿರಂತೆ. ಆ ಕಾಳಜಿಯನ್ನು ನಾನು ಕಡಲತೀರದಲ್ಲಿ ಕಣ್ಣಾರೆ ಕಂಡೆ. ಅಮ್ಮ ದೀವಿಹಲಸು ಬೇಯಿಸಿ ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ನಿಮ್ಮ ಸಿಪಾಯಿ ಬಂದೂಕು ಅಡ್ಡ ಹಿಡಿದ. ದಮಿಯಾನಾ ದೋಣಿಯಿಂದಲೇ ಕೂಗಿದಳು: "ಅಕ್ಕಾ, ನನ್ನ ಮದುವೆಗೂ ಇಷ್ಟು ಜನ ಬಂದಿರಲಿಲ್ಲ ಕಣೇ! ಅಮ್ಮಂಗೆ ಅಳಬೇಡ ಅನ್ನು." ಅವಳ ಗಂಡ ಸಿರಿಯಾಕೊ ಸೊಂಟದ ಮಟ್ಟದ ನೀರಿಗಿಳಿದು, ತನ್ನನ್ನೂ ಒಯ್ಯಿರೆಂದು ಅಂಗಲಾಚಿದ.

"ನಿಂಗೆ ರೋಗ ಇಲ್ಲ, ಹಿಂದೆ ಹೋಗು," ಎಂದ ದುಭಾಷಿ.

"ಹಾಗಾದ್ರೆ ರೋಗ ಬಂದ್ಮೇಲೆ ಬರ್ಲಾ?"

ಅವನು ಅದನ್ನು ಸಿಟ್ಟಿಗೆ ಹೇಳಿದನೆಂದುಕೊಂಡೆವು. ಆದರೆ ಕಳೆದ ಮಳೆಗಾಲದಲ್ಲಿ, ನೀವು ಹೊಸ ರೋಗಿಗಳನ್ನು ಕೂಡಿಹಾಕಿದ್ದ ಬೇಲಿ ಹಾರಿ, ಅವರ ತಟ್ಟೆಯಲ್ಲೇ ಉಂಡು, ಅವರ ಚಾಪೆಯಲ್ಲೇ ಮಲಗಿದ. ಕಾವಲಿನವರು ಬಡಿದು ಹೊರಗಟ್ಟಿದರು. ಈಗ ದಿನವೂ ತೋಳು ತಿರುಗಿಸಿ ತಿರುಗಿಸಿ ಮಚ್ಚೆ ಹುಡುಕುತ್ತಾನೆ. ಆರೋಗ್ಯವಂತನೊಬ್ಬ ರೋಗಕ್ಕಾಗಿ ಹಂಬಲಿಸುವಂತೆ ಮಾಡಿದ ವೈದ್ಯಪದ್ಧತಿ ಜಗತ್ತಿನಲ್ಲಿ ಇನ್ನೆಲ್ಲಿದೆ, ಹೇಳಿ?

ನಿಮ್ಮ ಕಚೇರಿಗೆ ಹೋಗಿ ಕೇಳಿದೆ. ಆ ದ್ವೀಪ ಬೇರೆ ಆಡಳಿತಕ್ಕೆ ಸೇರಿದ್ದು ಎಂದರು. ಎರಡೂ ಕಡೆ ಹಾರುವುದು ಒಂದೇ ಬಾವುಟ. ಒಯ್ಯುವಾಗ ಒಂದಾಗಿದ್ದ ರಾಜ್ಯ ಕೇಳುವಾಗ ಎರಡಾಗುವುದು ಹೇಗೆ?

ನಮ್ಮೂರಿನಲ್ಲಿ ಸತ್ತವರಿಗಾಗಿ ಜಪಮಾಲೆಯ ಪ್ರಾರ್ಥನೆ ಹೇಳಿಸುವವಳು ನಾನು. ಸಿರಿಯಾಕೊನ ತಾಯಿ ಬಂದು, "ಹೋದೋಳು ಹೋದ್ಲು, ಎಂಗ್ರಾಸಿಯಾ. ಪ್ರಾರ್ಥನೆ ಮುಗಿಸಿಬಿಡು, ನನ್ನ ಮಗ ಮನುಷ್ಯನಾಗ್ಲಿ," ಎನ್ನುತ್ತಾಳೆ. ನನ್ನ ಅಮ್ಮ, "ಬದುಕಿರೋ ಮಗಳಿಗೆ ಸಾವಿನ ಜಪ ಮಾಡಿದ್ರೆ ನನ್ನ ಹೊಸಿಲು ತುಳೀಬೇಡ," ಎನ್ನುತ್ತಾಳೆ. ಮಣಿಗಳನ್ನು ಕೈಗೆತ್ತಿಕೊಳ್ಳುತ್ತೇನೆ, ಇಡುತ್ತೇನೆ.

ತಂಗಿಯನ್ನು ಹಿಂದಿರುಗಿಸಿ ಎಂದು ಕೇಳುವ ಧೈರ್ಯ ನನಗಿಲ್ಲ. ಬದುಕಿದ್ದರೆ, ಮಚ್ಚೆ ಮೂಡುವುದಕ್ಕೆ ಮೊದಲೇ ಸಿರಿಯಾಕೊನನ್ನು ಮುಂದಿನ ಹಡಗಿಗೆ ಹತ್ತಿಸಿ. ಸತ್ತಿದ್ದರೆ, ಸತ್ತಳೆಂದು ಹೇಳಿ. ಅಳುವುದಕ್ಕಾದರೂ ನಮಗೆ ಅಪ್ಪಣೆ ಬೇಕಲ್ಲ.

ಇಂತಿ,
ನಿಮ್ಮ ಬಾವುಟದಡಿಯಲ್ಲಿದ್ದೂ ನಿಮ್ಮ ಪ್ರಜೆಯಲ್ಲದ
ಎಂಗ್ರಾಸಿಯಾ ಕಿದಾಚಾಯ್