ಕರೆಂಟು ಹೋದದ್ದು ತಿಳಿಯುವ ಬಗೆ

ಜನವರಿ 6, 2003. ಸೋಮವಾರ

ಹತ್ತೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಕರೆಂಟಿನ ಆಫೀಸಿನವರು ಹನ್ನೊಂದಕ್ಕೆ ಎಂದಿದ್ದರು. ಮೇಜುಗಳ ಕೆಳಗೆ ಯು.ಪಿ.ಎಸ್. ಪೆಟ್ಟಿಗೆಗಳು ಒಟ್ಟಿಗೆ ಕೂಗತೊಡಗಿದವು. ಐದು ಪೆಟ್ಟಿಗೆ, ಐದು ಶ್ರುತಿ. ಹಳೆಯ ಬ್ಯಾಟರಿಗಳು — ಐದು ನಿಮಿಷ ತಡೆದರೆ ಹೆಚ್ಚು. ಎದ್ದೆ. ನೆಲಕ್ಕೆ ಎರಡು ಸಲ ಕಾಲು ಅಪ್ಪಳಿಸಿದೆ. ಐದು ಯಂತ್ರಕ್ಕೆ ಆರು ವಿದ್ಯಾರ್ಥಿಗಳು; ಆರೂ ತಲೆಗಳು ನನ್ನ ಕಡೆ ತಿರುಗಿದವು. ಸೇವ್ ಮಾಡಿ, ಮುಚ್ಚಿ ಎಂದು ಕೈಯಲ್ಲಿ ಹೇಳಿದೆ. ಮುಚ್ಚಿದರು.

ಇದು ಹಲಗೆ ಹಾಸಿದ ನೆಲ. ಇಲ್ಲಿ ಕಾಲು ಬಡಿದರೆ ಎಲ್ಲರ ಪಾದಕ್ಕೂ ಮುಟ್ಟುತ್ತದೆ. ಕಿವುಡರ ತರಗತಿಗೆ ಇದಕ್ಕಿಂತ ಒಳ್ಳೆಯ ಗಂಟೆ ಇಲ್ಲ. ಕೆಳಗೆ ಜಯಣ್ಣನ ಶೇಂಗಾ ಮಂಡಿ. ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ಹಿಡಿದ.

"ಏನ್ ಮೇಷ್ಟ್ರೇ, ಮೂಗರಿಗೆ ಕಂಪ್ಯೂಟ್ರು ಕಲಿಸ್ತೀರೋ ಕೋಲಾಟ ಕಲಿಸ್ತೀರೋ? ನನ್ನ ಟೀ ಒಳಕ್ಕೆ ಧೂಳು ಬೀಳ್ತೈತೆ."

"ಲೋಟಕ್ಕೊಂದು ಮುಚ್ಚಳ ಇಟ್ಕಳ್ರಿ."

"ನಿಮ್ ಕಾಲಿಗೇ ಇಡ್ಬೇಕು ಮುಚ್ಚಳ."

ಜನವರಿ 9

ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಹದಿನಾಲ್ಕು ಮಿಷನ್ನುಗಳ ಸದ್ದು. ಕಣ್ಣು ಮುಚ್ಚಿ ಕೂತರೂ ಯಾರ ಬೆರಳು ತಪ್ಪಿತೆಂದು ಹೇಳುತ್ತಿದ್ದೆ. ಆ ಮಿಷನ್ನುಗಳು ಗುಜರಿಗೆ ಹೋದವು. ಈಗ ಒಂದು ಸೇವಾಸಂಸ್ಥೆಯ ಸಂಬಳದ ಮೇಷ್ಟ್ರು. ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಎಂಟು ತಿಂಗಳ ಡಿ.ಟಿ.ಪಿ. ಕೋರ್ಸು, ಮಾರ್ಚ್ ಕೊನೆಗೆ ಮುಗಿಯುತ್ತದೆ. ಸದ್ದಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವರು ಲಯವಿಲ್ಲದೆ ಟೈಪ್ ಮಾಡುತ್ತಾರೆ, ತಪ್ಪಿಲ್ಲದೆ ಮಾಡುತ್ತಾರೆ. ಕಲಿಸಿದ್ದರಲ್ಲಿ ಯಾವುದು ಬೇಕಿತ್ತು, ಯಾವುದು ನನ್ನ ಹಟ... ಗೊತ್ತಾಗುತ್ತಿಲ್ಲ.

ಬಸವಲಿಂಗಮ್ಮ ಊಟಕ್ಕೆ ಬಡಿಸುತ್ತ: "ಅಲ್ಲಿ ಮೂಗರ ಹತ್ರ ದಿನವೆಲ್ಲ ಕೈ ಆಡಿಸ್ತೀರಿ. ಮನೆಗೆ ಬಂದು ನೀವೇ ಮೂಗರಾಗ್ತೀರಿ. ಹೆಂಡ್ತಿಗೂ ಸ್ವಲ್ಪ ಕೈ ಆಡಿಸಿ."

ಪಲ್ಯ ಸಾಕು ಎಂದು ಕೈ ಆಡಿಸಿದೆ. ನಕ್ಕಳು.

ಜನವರಿ 16

ನನ್ನ ವಿದ್ಯಾರ್ಥಿನಿ ಓಬಮ್ಮನ ತಾಯಿ ಹುಚ್ಚಕ್ಕ ಬಂದಿದ್ದಳು, ಬಿ.ಜಿ. ಕೆರೆಯಿಂದ. ಬಾಗಿಲಲ್ಲೇ ನಿಂತು, ಕೆಳಗಿನ ಮಂಡಿಯಿಂದ ಎತ್ತಿಕೊಂಡಿದ್ದ ಶೇಂಗಾಕಾಯಿಯನ್ನು ಮಗಳ ಬೆನ್ನಿಗೆ ಎಸೆದಳು. ಅದು ಅವರ ಮನೆಯ ಕರೆ. ಓಬಮ್ಮ ತಿರುಗಿ ನೋಡದೆ ಕೈ ಹಿಂದೆ ಚಾಚಿ, ಬಿದ್ದ ಕಾಯಿ ಎತ್ತಿ, ಒಡೆದು ತಿಂದಳು. ಆಮೇಲೆ ತಿರುಗಿದಳು. ಹತ್ತೊಂಬತ್ತು ವರ್ಷ. ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಎಲ್ಲರಿಗಿಂತ ಚಾಡಿಕೋರಿ ಕೂಡ; ಯಾರ ಗುಟ್ಟೂ ಅವಳ ಕೈಯಲ್ಲಿ ನಿಲ್ಲುವುದಿಲ್ಲ.

"ಯುಗಾದಿ ತಂಕ ಬಿಡ್ತೀನಿ ಸಾಮಿ," ಎಂದಳು ತಾಯಿ. "ಅಷ್ಟೊತ್ಗೆ ಕೆಲ್ಸ ಸಿಗ್ಲಿಲ್ಲ ಅಂದ್ರೆ ನಂಜೊತೆ ಕೂಲಿಗೆ ಬರ್ತಾಳೆ. ಕಳೆ ಕೀಳಾಕೆ ಕಿವಿ ಬ್ಯಾಡ."

"ಇದಕ್ಕೂ ಬೇಡಮ್ಮ."

"ಬ್ಯಾಡ ಅಂತ ನೀವಂತೀರಿ. ಕೆಲ್ಸ ಕೊಡೋರು ಅನ್ಬೇಕಲ್ಲ."

ಓಬಮ್ಮ ನಮ್ಮಿಬ್ಬರ ತುಟಿಗಳನ್ನು ಸರದಿಯಂತೆ ನೋಡುತ್ತಿದ್ದಳು. ಎಷ್ಟು ತಿಳಿಯಿತೋ.

ಫೆಬ್ರುವರಿ 5

ಮುರುಗೇಂದ್ರಪ್ಪನವರ ಪ್ರೆಸ್ಸಿಗೆ ಹೋಗಿದ್ದೆ. ಡಿ.ಟಿ.ಪಿ. ಹುಡುಗ ಕೆಲಸ ಬಿಟ್ಟಿದ್ದಾನೆ. ಪರೀಕ್ಷೆಯ ಕಾಲ, ಶಾಲೆಗಳ ಪ್ರಶ್ನೆಪತ್ರಿಕೆಗಳು ರಾಶಿ ಬಿದ್ದಿವೆ. ಓಬಮ್ಮನ ವಿಷಯ ಹೇಳಿದೆ.

"ಮಾತು ಬರಲ್ವಾ? ಒಳ್ಳೇದಾಯ್ತು ಬಿಡ್ರಿ. ಪ್ರಶ್ನೆಪತ್ರಿಕೆ ಗುಟ್ಟು ಹೊರಗೆ ಹೋಗಲ್ಲ."

ತಿದ್ದಲಿಲ್ಲ. ಸೋಮವಾರ ಒಂದು ದಿನ ಕೂತು ಮಾಡಿ ತೋರಿಸಲಿ ಎಂದರು. ಸರಿಹೋದರೆ ಕೆಲಸ. ಹಿಂದಿನ ಕೋಣೆಯಲ್ಲಿ ಪೆದ್ದಣ್ಣ ಪುಸ್ತಕಕ್ಕೆ ಗೋಂದು ಬಳಿಯುತ್ತಿದ್ದ. ಮುರುಗೇಂದ್ರಪ್ಪನವರ ತಂದೆಯ ಕಾಲದ ಆಳು. "ಬರ್ಲಿ ಬಿಡಿ, ನಾನು ನೋಡ್ಕಂತೀನಿ" ಎಂದ.

ಫೆಬ್ರುವರಿ 10, ಸೋಮವಾರ. ಬೆಳಗ್ಗೆ

ಬಸ್‌ಸ್ಟ್ಯಾಂಡಿನಿಂದ ಕರೆದೊಯ್ದು ಪ್ರೆಸ್ಸಿನಲ್ಲಿ ಬಿಟ್ಟು ಬಂದೆ. ನಿಲ್ಲಬೇಕೆನಿಸಿತು. ಹೋಗಿ ಎಂದು ಕೈ ಬೀಸಿದಳು — ನೊಣ ಓಡಿಸಿದಂತೆ.

ಅದೇ ದಿನ, ಸಂಜೆ

ಆಗಲಿಲ್ಲ.

ಫೆಬ್ರುವರಿ 12

ಪೆದ್ದಣ್ಣ ಹೇಳಿದ್ದು. ಹತ್ತಕ್ಕೆ ಶುರು ಮಾಡಿದಳು. ಹನ್ನೆರಡರ ಹೊತ್ತಿಗೆ ಐದು ಪುಟದ ಪತ್ರಿಕೆಯಲ್ಲಿ ನಾಲ್ಕೂವರೆ ಮುಗಿದಿತ್ತು. ಆಗ ಕರೆಂಟು ಹೋಯಿತು. ಹಗಲು, ಲೈಟು ಹಾಕಿರಲಿಲ್ಲ. ಕಾಗದ ಹಾರುತ್ತದೆಂದು ಪ್ರೆಸ್ಸಿನಲ್ಲಿ ಫ್ಯಾನು ತಿರುಗಿಸುವುದಿಲ್ಲ. ಪರದೆ ಇದ್ದ ಹಾಗೇ ಇತ್ತು. ಮೇಜಿನ ಕೆಳಗೆ ಪೆಟ್ಟಿಗೆ ಕೂಗಿತು. ಆರು ನಿಮಿಷ ಕೂಗಿತಂತೆ. ಓಬಮ್ಮ ಟೈಪ್ ಮಾಡುತ್ತಲೇ ಇದ್ದಳು. ಪರದೆ ಕಪ್ಪಾಯಿತು. ಒಂದಕ್ಷರವೂ ಉಳಿಯಲಿಲ್ಲ.

"ನಾನು ಅಲ್ಲೇ ಇದ್ದೆ ಸಾರ್," ಎಂದ ಪೆದ್ದಣ್ಣ. ಗೋಂದಿನ ಕೈ ನೋಡಿಕೊಳ್ಳುತ್ತಿದ್ದ. "ನಂಗೂ ಕೇಳಿಸ್ತು. ಕೇಳಿಸ್ಕಂಡಿರ್ತಾಳೆ ಅಂದ್ಕಂಡೆ. ಅಷ್ಟು ಚೆನ್ನಾಗಿ ಹೊಡೀತಿದ್ಲು, ಕಿವುಡಿ ಅನ್ನೋದೇ ಮರ್ತೋಯ್ತು."

ಇದಕ್ಕಿಂತ ದೊಡ್ಡ ಹೊಗಳಿಕೆ ಅವಳಿಗೆ ಸಿಕ್ಕಿರಲಾರದು. ಅದೇ ಅವಳ ಕೆಲಸ ತಿಂದಿತು.

ಮುರುಗೇಂದ್ರಪ್ಪನವರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. "ಕೈ ಚುರುಕೈತೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ಕರೆಂಟು ಹೋಯ್ತು ಅಂತ ಹೇಳಾಕೆ ಪಕ್ಕದಾಗೆ ಇನ್ನೊಬ್ಬನ್ನ ಕೂರಿಸ್ಲಾ?"

ಫೆಬ್ರುವರಿ 22

ಹತ್ತು ದಿನ ಏನೂ ಬರೆದಿಲ್ಲ.

ಆ ಇನ್ನೊಬ್ಬ ನಾನು. ಏಳು ತಿಂಗಳಿಂದ.

ಕರೆಂಟು ಹೋದಾಗಲೆಲ್ಲ ಕಾಲು ಬಡಿದೆ. ಪ್ರತಿ ಸಲವೂ ಆರು ಮುಖಗಳು ತಿರುಗುತ್ತಿದ್ದವು. ಅದು ನನಗೆ ಇಷ್ಟವಾಗಿತ್ತು ಎಂದು ಇಲ್ಲಿಯಾದರೂ ಒಪ್ಪಿಕೊಳ್ಳಬೇಕು. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಯಾರೂ ನನ್ನ ಕಡೆ ಹಾಗೆ ನೋಡಿರಲಿಲ್ಲ. ಪೇಜ್‌ಮೇಕರ್ ಕಲಿಸಿದೆ, ಅಂಚು ಹೊಂದಿಸುವುದು ಕಲಿಸಿದೆ. ಕೇಳುವ ಕೆಲಸವನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡೆ.

ಓಬಮ್ಮ ಬರುತ್ತಿದ್ದಾಳೆ. ಯಾರಿಗೂ ಚಾಡಿ ಹೇಳುತ್ತಿಲ್ಲ.

ಫೆಬ್ರುವರಿ 24, ಸೋಮವಾರ

ಇವತ್ತು ಎರಡು ಸಲ ಕರೆಂಟು ಹೋಯಿತು. ಕುರ್ಚಿಯಲ್ಲಿ ಕೂತೇ ಇದ್ದೆ. ಕಾಲುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದಿದ್ದೆ. ಐದು ಪೆಟ್ಟಿಗೆಗಳೂ ಕೂಗಿ ಕೂಗಿ ಸುಮ್ಮನಾದವು. ಐದು ಪರದೆಗಳು ಕಪ್ಪಾದವು. ಮಲ್ಲಿಕ್ — ಆರು ಜನರಲ್ಲಿ ಕಿರಿಯ, ಬೆಳಗ್ಗೆಯಿಂದ ಒಂದು ಲಗ್ನಪತ್ರಿಕೆ ಜೋಡಿಸುತ್ತಿದ್ದ — ಮೇಜಿಗೆ ಹಣೆ ಇಟ್ಟ.

ಕರೆಂಟು ಬಂದ ಮೇಲೆ ಓಬಮ್ಮ ತನ್ನ ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಹೊಡೆದು ನನ್ನನ್ನು ಎಳೆದು ತೋರಿಸಿದಳು:

ನಿಮಗೆ ಕೇಳಿತು. ನೀವು ಹೇಳಲಿಲ್ಲ.

ಕೆಳಗೆ ಟೈಪ್ ಮಾಡಿದೆ: ಪ್ರೆಸ್ಸಿನಲ್ಲಿ ನಾನು ಇರುವುದಿಲ್ಲ.

ಓದಿದಳು. ಆಮೇಲೆ ಎರಡೂ ಸಾಲು ಅಳಿಸಿ ಬೇರೆ ಕೆಲಸ ತೆರೆದಳು.

ಸಂಜೆ ಜಯಣ್ಣ: "ಏನ್ ಮೇಷ್ಟ್ರೇ, ಇವತ್ತು ಸಪ್ಪಳಿಲ್ಲ? ಹುಷಾರಿಲ್ವಾ?"

ಮಾರ್ಚ್ 4

ಶಿವರಾತ್ರಿಯ ರಜೆ ಕಳೆದು ಬಂದರು. ಪ್ರತಿ ಸಾಲಿಗೂ ಸೇವ್ ಮಾಡುವುದು ಆರೂ ಜನರ ಬೆರಳಿಗೆ ಹತ್ತಿದೆ. ಸೇವ್ ಎನ್ನಲು ಓಬಮ್ಮ ಒಂದು ಸನ್ನೆ ಕಟ್ಟಿದ್ದಾಳೆ: ಹೆಂಗಸರು ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತೆ. ಗಂಡುಹುಡುಗರೂ ಹಾಗೇ ಸಿಕ್ಕಿಸುತ್ತಾರೆ.

ಅಷ್ಟೇ ಸಾಲದು. ಯಂತ್ರ ತಟ್ಟನೆ ಸತ್ತರೆ ಸೇವ್ ಮಾಡಿದ ಫೈಲೂ ಕೆಲವು ಸಲ ಕೆಡುತ್ತದೆ. ಸರಿಯಾಗಿ ಮುಚ್ಚಬೇಕು. ಅದಕ್ಕೆ ಕರೆಂಟು ಹೋದದ್ದು ಮೊದಲೇ ತಿಳಿಯಬೇಕು. ಪೆಟ್ಟಿಗೆಯ ಕೆಂಪು ದೀಪ ಮೇಜಿನ ಕೆಳಗೆ, ಗೋಡೆಯ ಕಡೆಗೆ. ಮೇಲಿಡಲು ವೈರು ಗಿಡ್ಡ.

ಮಾರ್ಚ್ 11

ಓಬಮ್ಮ ಚಪ್ಪಲಿ ಬಿಟ್ಟು ಕೂರುತ್ತಾಳೆ. ಬಲಗಾಲು ಯು.ಪಿ.ಎಸ್. ಮೇಲೆ. ಶುಕ್ರವಾರದಿಂದ ನೋಡುತ್ತಿದ್ದೇನೆ, ಸುಮ್ಮನೆ ಕಾಲು ನೀಡಿದ್ದಾಳೆ ಎಂದುಕೊಂಡಿದ್ದೆ. ಇವತ್ತು ಕರೆಂಟು ಹೋದ ಕ್ಷಣ, ಪೆಟ್ಟಿಗೆ ಇನ್ನೂ ಬಾಯಿ ತೆರೆಯುವ ಮೊದಲೇ, ಅವಳ ಕೈ ಮೌಸಿನ ಮೇಲೆ ಹೋಗಿತ್ತು. ಸೇವ್. ಮುಚ್ಚು. ಕೈಕಟ್ಟಿ ಕೂತಳು.

ಕರೆಂಟು ಬಂದ ಮೇಲೆ ಬಗ್ಗಿ, ಪೆಟ್ಟಿಗೆಯ ಮೇಲೆ ಕೈ ಇಟ್ಟು, ಗೋಡೆಯ ಸ್ವಿಚ್ಚು ಆರಿಸಿ ನೋಡಿದೆ. ಹೌದು. ಕೂಗುವ ಮೊದಲು ಒಳಗೆ ಟಕ್ ಎನ್ನುತ್ತದೆ. ಆಮೇಲೆ ಪ್ರತಿ ಕೂಗಿಗೂ ಒಂದು ಸಣ್ಣ ಮಿಡಿತ. ಇಷ್ಟು ವರ್ಷ ಕಿವಿ ಇದ್ದದ್ದರಿಂದ ತಿಳಿಯದೇ ಹೋದದ್ದು.

ಮಧ್ಯಾಹ್ನದ ಹೊತ್ತಿಗೆ ಆರೂ ಜನರ ಚಪ್ಪಲಿ ಬಾಗಿಲ ಹೊರಗಿದ್ದವು. ಐದು ಪೆಟ್ಟಿಗೆ, ಆರು ಕಾಲು. ಮಲ್ಲಿಕ್ ಮತ್ತೊಬ್ಬನ ಕಾಲಿನ ಮೇಲೆ ಕಾಲಿಟ್ಟು ಒದೆಸಿಕೊಂಡ.

ಮಾರ್ಚ್ 15

ಓಬಮ್ಮನಿಗೆ ಇನ್ನೊಂದು ದಿನದ ಅವಕಾಶ ಕೊಡಿ ಎಂದು ಮುರುಗೇಂದ್ರಪ್ಪನವರನ್ನು ಕೇಳಿದೆ. ಕೇಳುವುದು ನನಗೆ ಬರುವುದಿಲ್ಲ. ಎರಡು ಸಲ ಅಂಗಡಿ ದಾಟಿಹೋಗಿ ಮೂರನೆಯ ಸಲ ಒಳಗೆ ಹೋದೆ. ವಾರ್ಷಿಕ ಪರೀಕ್ಷೆಯ ಕೆಲಸ ಅವರ ಕುತ್ತಿಗೆಗೆ ಬಂದಿದೆ. ಹೊಸ ಹುಡುಗ ಸಿಕ್ಕಿಲ್ಲ.

"ಇದೇ ಕೊನೆ ಮೇಷ್ಟ್ರೇ."

ಯುಗಾದಿಗೆ ಹದಿನೆಂಟು ದಿನ.

ಮಾರ್ಚ್ 18, ಮಂಗಳವಾರ

ಎಲ್ಲ ಬರೆಯಬೇಕು.

ಈ ಸಲ ಪ್ರೆಸ್ಸಿನಲ್ಲೇ ಕೂತಿದ್ದೆ, ಬಾಗಿಲ ಬಳಿ, ಪೇಪರ್ ಓದುವವನಂತೆ. ಹನ್ನೊಂದೂವರೆಗೆ ಕರೆಂಟು ಹೋಯಿತು. ಓಬಮ್ಮ ಸೇವ್ ಮಾಡಿದಳು, ಮುಚ್ಚಿದಳು, ಕೈಕಟ್ಟಿದಳು. ಮುರುಗೇಂದ್ರಪ್ಪನವರು ಗಲ್ಲಾದಿಂದ ಎದ್ದು ಬಂದರು. ಕರೆಂಟು ಬಂದ ಮೇಲೆ ಫೈಲು ತೆರೆಸಿ ನೋಡಿದರು. ಹೊಡೆದ ಪುಟಗಳೆಲ್ಲ ಇದ್ದವು. "ಅರೆ! ಹೆಂಗೆ ಗೊತ್ತಾಯ್ತು ಇವಳಿಗೆ?" ಎಂದು ಮೇಜಿನ ಕೆಳಗೆ ಬಗ್ಗಿದರು.

ಪೆಟ್ಟಿಗೆಯ ಮೇಲೆ ಆಯುಧಪೂಜೆಯ ವಿಭೂತಿ ಮೂರು ಪಟ್ಟೆ, ನಡುವೆ ಕುಂಕುಮ. ಅದರ ಮೇಲೆ ಓಬಮ್ಮನ ಬರಿಗಾಲು.

"ಏಯ್! ಇಳ್ಸು ಕಾಲು! ಇಳ್ಸಮ್ಮ!" ಕೂಗಿದರು. ಅವಳಿಗೆ ಕೇಳಲಿಲ್ಲ. ನನ್ನ ಕಡೆ ತಿರುಗಿದರು. "ಏನ್ರೀ ಕಲ್ಸಿದ್ದೀರಿ? ಪೂಜೆ ಮಾಡಿದ ಮಿಷನ್ನು ಕಣ್ರೀ ಅದು! ಅನ್ನ ಹಾಕೋ ಮಿಷನ್ನು!"

ನನಗೆ ಹೊಳೆದೇ ಇರಲಿಲ್ಲ. ವರ್ಷವರ್ಷವೂ ಹದಿನಾಲ್ಕು ಟೈಪ್‌ರೈಟರ್‌ಗಳಿಗೆ ವಿಭೂತಿ ಹಚ್ಚಿದ ಮನುಷ್ಯ. ಮುಗಿಯಿತು ಎಂದುಕೊಂಡೆ.

ಪೆದ್ದಣ್ಣ ಒಳಗಿನಿಂದ ಬಂದ.

"ಸಾವ್ಕಾರ್ರೇ, ಹಳೇ ಟ್ರೆಡಲ್ ಅಚ್ಚಿನ ಮಿಷನ್ನು ನಾನು ಯಾವ್ದರಾಗೆ ಓಡಿಸ್ತಿದ್ದೆ?"

"ಈಗ್ಯಾಕೋ ಅದು?"

"ಕಾಲಾಗೆ. ಇಪ್ಪತ್ತೆಂಟು ವರ್ಷ. ಆಯುಧಪೂಜೇಗೆ ನಿಮ್ಮಪ್ಪಾರು ಹೂವು ಹಾಕ್ತಿದ್ರು, ಕುಂಬಳಕಾಯಿ ಒಡೀತಿದ್ರು. ಮಾರ್ನೇ ದಿನ ನಾನು ಒದೀತಿದ್ದೆ. ನಿಮ್ಮಪ್ಪಾರೂ ಏನೂ ಅನ್ಲಿಲ್ಲ, ದೇವ್ರೂ ಏನೂ ಅನ್ಲಿಲ್ಲ."

"ಅದು ಕಾಲಿಡಾಕೇ ಮಾಡಿದ ಮಿಷನ್ನು."

"ಇದು ಕಿವಿ ಇರೋರಿಗೆ ಮಾಡಿದ ಮಿಷನ್ನು. ಅವಳೇನ್ ಮಾಡ್ಬೇಕು?"

ಓಬಮ್ಮ ಮೂವರ ಮುಖ ನೋಡಿದಳು. ಎಲ್ಲರ ಕಣ್ಣೂ ಎಲ್ಲಿದೆ ಎಂದು ನೋಡಿದಳು. ತನ್ನ ಕಾಲು ನೋಡಿದಳು. ತಿಳಿಯಿತು. ಕಾಲು ತೆಗೆದಳು. ಕುರ್ಚಿಯಿಂದಿಳಿದು ಕುಕ್ಕರಗಾಲಲ್ಲಿ ಕೂತು, ಪುಸ್ತಕಕ್ಕೆ ಕಾಲು ತಾಗಿದಾಗ ಮಾಡುತ್ತೇವಲ್ಲ, ಹಾಗೆ ಪೆಟ್ಟಿಗೆಯನ್ನು ಬಲಗೈಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಎದ್ದಳು. ಕುರ್ಚಿಯಲ್ಲಿ ಕೂತಳು. ಕಾಲನ್ನು ಮತ್ತೆ ಅಲ್ಲೇ ಇಟ್ಟಳು. ಟೈಪ್ ಮಾಡತೊಡಗಿದಳು.

ಮೊದಲು ನಕ್ಕದ್ದು ಮುರುಗೇಂದ್ರಪ್ಪನವರು.

"ಮಾತು ಬಂದಿದ್ರೆ ಇವಳು ಲಾಯರ್ ಆಗ್ತಿದ್ಲು ಕಣ್ರೀ." ಗಲ್ಲಾದ ಕಡೆ ನಡೆಯುತ್ತ, "ದಿನಾ ಬೆಳಗ್ಗೆ ಕೂರೋ ಮುಂಚೆ ಹಂಗೆ ಮುಟ್ಟಿ ನಮಸ್ಕಾರ ಮಾಡ್ಲಿ. ಕಾಲು ತೊಳ್ಕಂಡು ಬರ್ಲಿ. ನಾಳೆಯಿಂದ್ಲೇ ಬರ್ಲಿ."

ಏಪ್ರಿಲ್ 3

ನಿನ್ನೆ ಯುಗಾದಿ. ಹುಚ್ಚಕ್ಕ ಹೋಳಿಗೆ ತಂದಿದ್ದಳು. ಕೊಟ್ಟ ಮೇಲೂ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತಳು. ದೂರು ಹೇಳಲು ಬಂದಿದ್ದಳಂತೆ.

"ಬೆಳಿಗ್ಗೆ ಏಳೂವರೆ ಬಸ್ಸಿಗೆ ಒಬ್ಬಳೇ ಹತ್ತಿ ಬರ್ತಾಳೆ ಸಾಮಿ. ನನ್ನ ಕಾಯಲ್ಲ. ಕಂಡಕ್ಟರ್‌ಗೆ ಚೀಟಿ ತೋರಿಸ್ತಾಳೆ. ಏನ್ ಬರ್ದವಳೆ ಅಂತ ನಂಗೆ ತೋರಿಸಲ್ಲ. ತೋರಿಸಿದ್ರೆ ನಂಗೇನ್ ಓದಾಕೆ ಬರ್ತೈತಾ?"

ಸಂಕಟದ ದನಿ ಎಂದು ನನಗೆ ಅನಿಸಲಿಲ್ಲ.

ಏಪ್ರಿಲ್ 7, ಸೋಮವಾರ. ಮಧ್ಯಾಹ್ನ ಒಂದೂವರೆ

ಕೋರ್ಸು ಮುಗಿದು ವಾರವಾಯಿತು. ಕೋಣೆಯಲ್ಲಿ ನಾನೊಬ್ಬನೇ. ಹೊಸ ಬ್ಯಾಚು ಜೂನಿಗೆ — ನಡೆಯುವುದೇ ಅನುಮಾನ ಎಂದಿತ್ತು ಸಂಸ್ಥೆ. ಅರ್ಜಿ ಇಲ್ಲವಂತೆ. ಕಿವುಡ ಮಕ್ಕಳನ್ನು ಮನೆಯವರು ಕಳಿಸುವುದಿಲ್ಲವಂತೆ.

ಊಟದ ಬಿಡುವಿನಲ್ಲಿ ಓಬಮ್ಮ ಬಂದಿದ್ದಾಳೆ. ಜೊತೆಗೆ ಒಬ್ಬ ಹುಡುಗಿ, ಹುಡುಗಿಯ ತಂದೆ. ತಳಕು ಎಂಬ ಊರಿನ ಕಡೆಯವರು. ಬಸ್ಸಿನಲ್ಲಿ ಪರಿಚಯವಂತೆ. ತಂದೆ ಬಾಗಿಲಲ್ಲೇ ನಿಂತು, "ಕಿವುಡ್ರಿಗೆ ಪ್ರೆಸ್ಸಿನ ಕೆಲ್ಸ ಕಲಿಸ್ತಾರಂತಲ್ಲ, ಇದೇನಾ ಸಾರ್?" ಎಂದು ಕೇಳಿದ.

ಇದೇ ಎಂದೆ. ಕೂರಿ ಎಂದೆ. ಯಾರೂ ಕೂತಿಲ್ಲ. ಓಬಮ್ಮ ಹುಡುಗಿಯನ್ನು ಮೊದಲನೆಯ ಯಂತ್ರದ ಮುಂದೆ ಎಳೆದೊಯ್ದಿದ್ದಾಳೆ. ಹುಡುಗಿಗೆ ಸನ್ನೆ ಬರುವುದಿಲ್ಲ, ಶಾಲೆ ಕಂಡಂತಿಲ್ಲ. ಆದರೂ ಇಬ್ಬರ ಕೈಗಳೂ ಆಡುತ್ತಿವೆ. ಏನು ಹೇಳುತ್ತಿದ್ದಾಳೆ? ಮುರುಗೇಂದ್ರಪ್ಪನವರ ನಡಿಗೆಯ ಅಣಕ ಇರಬೇಕು — ಹುಡುಗಿ ನಗುತ್ತಿದ್ದಾಳೆ. ಈಗ ಯಂತ್ರದ ಸ್ವಿಚ್ಚು ತೋರಿಸುತ್ತಿದ್ದಾಳೆ. ನನ್ನನ್ನು ಕೇಳಿಲ್ಲ. ನನ್ನ ಕಡೆ ನೋಡಿಯೂ ಇಲ್ಲ.

ತಂದೆ ಕೇಳುತ್ತಿದ್ದಾನೆ, ಯಾವತ್ತಿಂದ ಕಳಿಸಬೇಕು ಎಂದು. ಜೂನ್ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಪರದೆ ಹೊತ್ತಿಕೊಂಡಿತು, ಹುಡುಗಿ ಒಂದು ಕೀಲಿಯ ಮೇಲೆ ಬೆರಳಿಟ್ಟು ಹಾಗೇ ಒತ್ತಿ ಹಿಡಿದಿದ್ದಾಳೆ, ಒಂದೇ ಅಕ್ಷರ ಸಾಲು ಸಾಲಾಗಿ ಪರದೆ ತುಂಬುತ್ತಿದೆ. ಇವತ್ತೇ ಶುರುವಾಯಿತಲ್ಲ ಎಂದೆ.