ದೋಣಿಗೆ ಸೀರಿಯಲ್ ಸೆಟ್ ಬೇಡ

ರೀ,

ಚಿತ್ರಾನ್ನ ಮುಚ್ಚಿಟ್ಟಿದ್ದೇನೆ, ತಿಂದು ಹೊರಡಿ. ನಾನು ಬೆಳಗಿನ ಬಸ್ಸಿಗೇ ಅಮ್ಮನ ಊರಿಗೆ ಹೊರಟೆ. ಖುಷಿಗೆ ನಿದ್ದೆಯೇ ಬರಲಿಲ್ಲ!

ನೀವು ದೋಣಿಗೆ ಸುತ್ತುತ್ತಿದ್ದ ಸೀರಿಯಲ್ ಸೆಟ್ಟನ್ನು ದೇವರ ಮನೆಗೆ ಹಾಕಿಬಿಟ್ಟೆ. ಕಿತ್ತೀರಿ, ಜೋಕೆ. ಹೋದ ವಾರ ಮಿಣಮಿಣ ಅಂತ ಹಿನ್ನೀರಿನಲ್ಲಿ ಬಂದ ನಿಮ್ಮನ್ನು ಕಂಡು ನಮ್ಮ ತವರೂರ ಹೆಂಗಸರು, "ತಾಯಿ ತೆಪ್ಪದಾಗೆ ಬಂದ್ಬುಟ್ಳು ಕಣ್ರವ್ವಾ!" ಎಂದು ದಡದಲ್ಲಿ ಕೈಮುಗಿದು ನಿಂತರಂತೆ. ಎದುರಿಂದ ದೋಣಿ ನಡೆಸಿಕೊಂಡು ಬರುತ್ತಿದ್ದ ನಮ್ಮೂರ ಆಂತೋಣಿಗೆ ಮಾತ್ರ ನಿಮ್ಮ ದೋಣಿಯ ಮೂತಿ ಯಾವುದು, ಬಾಲ ಯಾವುದು ಗೊತ್ತಾಗದೆ, ಇನ್ನೇನು ಗುದ್ದೇಬಿಡುತ್ತಿದ್ದನಂತೆ. "ಭಾವ ದೇವ್ರಾಗಕ್ಕೆ ಇನ್ನೂ ಟೈಮೈತೆ, ಹೇಳಕ್ಕಾ" ಅಂದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಒಬ್ಬಳೇ ಕೂತು ಆಚೆ ದಡದ ಗುಡಿಯ ತಾಯಿಗೆ ಹರಕೆ ಹೊತ್ತೆ.

ಹೊಸ ದೀಪಗಳು ಬಾಗಿಲ ಹಿಂದಿನ ಚೀಲದಲ್ಲಿವೆ. ಮುಂದಕ್ಕೆ ಮುಖ ಮಾಡಿ ಕೂತರೆ ನಿಮ್ಮ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಬಿಳಿಯದನ್ನು ಕೋಲಿನ ತುದಿಗೆ ಕಟ್ಟಿ, ಸುತ್ತಲೂ ಕಾಣಬೇಕು. ಯಾವುದೂ ಮಿಣುಕಬಾರದು. ಹೊತ್ತು ಮುಳುಗುವ ಮೊದಲೇ ಹಚ್ಚಿ. "ನಂಗೆಲ್ಲಾ ಕಾಣ್ತದೆ ಬುಡೇ" ಅನ್ನಬೇಡಿ. ಎದುರಿನವರಿಗೆ ನೀವು ಕಾಣಬೇಕಲ್ಲ!

ನೀರು ಕಂಡರೆ ಹೆದರುವ ನಾನು ಇವತ್ತು ಆಂತೋಣಿಯ ದೋಣಿ ಹತ್ತಿ ಹರಕೆ ತೀರಿಸಲು ಹೋಗುತ್ತಿದ್ದೇನೆ ಕಣ್ರೀ! ವಾಪಸು ಬರುವಾಗ ಕತ್ತಲಾಗಿರುತ್ತದೆ, ನೀವು ಬಲೆ ಬಿಡುವ ಹೊತ್ತು. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಆ ದೋಣಿ ನೇರ ನಮ್ಮ ಕಡೆಗೇ ಬರುತ್ತಿದೆ ಎಂದರ್ಥವಂತೆ. ಹಾಗೇ ಬನ್ನಿ. ಹತ್ತಿರವಾಗುವ ಮೊದಲೇ ಬಲಕ್ಕೆ ತಿರುಗಿಸಿ, ಆಂತೋಣಿಯೂ ಬಲಕ್ಕೇ ತಿರುಗಿಸುತ್ತಾನೆ. ಪಕ್ಕದಲ್ಲಿ ಹಾಯುವಾಗ ಪ್ರಸಾದದ ಬಾಳೆಹಣ್ಣು ಎಸೆಯುತ್ತೇನೆ, ಹಿಡಿಯಿರಿ.

ನಿಮ್ಮ
ದೇವೀರಿ